ತುಟಿ ಅಲ್ಲಾಡಿಸುವ ವಿದ್ಯೆ

ಆರು ತಿಂಗಳಿಗೊಮ್ಮೆ ನಾನು ಪರ್ಸು ಜಾಡಿಸುತ್ತೇನೆ. ಮನೆ ಜಾಡಿಸುವುದಕ್ಕಿಂತ ಇದು ಕಷ್ಟದ ಕೆಲಸ. ಮನೆಯಲ್ಲಿ ಬೇರೆಯವರ ಸಾಮಾನೂ ಇರುತ್ತದೆ, ಬೈಯಲು ಜನ ಸಿಗುತ್ತಾರೆ. ಪರ್ಸಿನ ಕಸವೆಲ್ಲ ನನ್ನದೇ. ಮೊನ್ನೆ ಜಾಡಿಸಿದಾಗ ಹಳೆಯ ಬಸ್ ಟಿಕೀಟು, ಎರಡು ಸೇಫ್ಟಿ ಪಿನ್ನು, ಅಂಗಡಿಯವನು ಚಿಲ್ಲರೆ ಬದಲು ಕೊಟ್ಟ ಚಾಕಲೇಟು, ಇವುಗಳ ಜೊತೆಗೆ ಬೆರಳುದ್ದದ ಒಂದು ಜ್ಯೇಷ್ಠಮಧುವಿನ ಕಡ್ಡಿಯೂ ಹೊರಗೆ ಬಿತ್ತು. ಒಣಗಿ ಕಟ್ಟಿಗೆಯಾಗಿತ್ತು.

ಹಾಡುಗಾರರ ಸಹವಾಸ ಇದ್ದವರಿಗೆ ಈ ಕಡ್ಡಿ ಗೊತ್ತಿರುತ್ತದೆ. ಗಂಟಲು ತಿಳಿಯಾಗಲಿ ಎಂದು ಅವರು ಇದನ್ನು ಅಗಿಯುತ್ತಾರೆ. ನನ್ನ ಪರ್ಸಿನಲ್ಲಿ ಅದು ಇದ್ದದ್ದು ಹಾಡು ತಪ್ಪಿಸಿಕೊಳ್ಳುವುದಕ್ಕೆ. ಯಾರದೋ ಮನೆಯ ತೊಟ್ಟಿಲ ಕಾರ್ಯ, ಯಾರದೋ ಉಡಿ ತುಂಬುವುದು, ಹೆಂಗಸರೆಲ್ಲ ಸೇರಿದ್ದಾರೆ. "ಅಕ್ಕೋರ, ನೀವೊಂದು ಹಾಡ್ರಿ" ಎಂದು ಯಾರೋ ಶುರು ಮಾಡುತ್ತಾರೆ. ನಾನು ಕಡ್ಡಿ ಹೊರಗೆ ತೆಗೆದು, ಎಡಗೈಯಿಂದ ಗಂಟಲು ಮುಟ್ಟಿಕೊಂಡು, "ಗಂಟಲ ಕೆಟ್ಟೈತ್ರಿ" ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯಿತು. ನಲವತ್ತು ವರ್ಷಗಳಲ್ಲಿ ಒಂದೇ ಒಂದು ಶುಭಕಾರ್ಯದ ದಿನವೂ ನನ್ನ ಗಂಟಲು ಸರಿ ಇರಲಿಲ್ಲ. "ನಿನ್ನ ಗಂಟಲಿಗೆ ಪಂಚಾಂಗ ಓದಾಕ ಬರತೈತಿ ನೋಡು, ಮುಹೂರ್ತ ನೋಡೇ ಕೆಡತೈತಿ" ಎಂದು ನಮ್ಮ ಮನೆಯವರು ಛೇಡಿಸುತ್ತಿದ್ದರು.

ಆ ಕಡ್ಡಿಯನ್ನು ನೋಡಿದಾಗ ಹೊಳೆಯಿತು: ಎಷ್ಟೋ ತಿಂಗಳಿಂದ ನಾನು ಅದನ್ನು ಮುಟ್ಟಿಯೇ ಇಲ್ಲ. ಯಾಕೆ ಮುಟ್ಟಿಲ್ಲ ಎಂದು ಹೇಳಬೇಕಾದರೆ ನಿಮ್ಮನ್ನು ಮೊದಲು ತಿಕೋಟಾಕ್ಕೆ ಕರೆದುಕೊಂಡು ಹೋಗಬೇಕು. ಬರ್ರಿ, ದೂರವೇನಿಲ್ಲ.

ತಿಕೋಟಾದಲ್ಲಿ ನಮ್ಮ ಆಯಿಯ ಮನೆ. ಆಯಿ ಎಂದರೆ ತಾಯಿಯ ತಾಯಿ. ಆಕೆಯ ಪಡಸಾಲೆಯ ಮೂಲೆಯಲ್ಲಿ ಬೀಸುಕಲ್ಲು ಇತ್ತು. ಊರಿಗೆ ಗಿರಣಿ ಬಂದು ಎಷ್ಟೋ ಕಾಲವಾಗಿದ್ದರೂ ಆಯಿಗೆ ಗಿರಣಿಯ ಹಿಟ್ಟು ಸೇರುತ್ತಿರಲಿಲ್ಲ. "ಸುಟ್ಟ ಹಿಟ್ಟು ಅದು" ಎನ್ನುತ್ತಿದ್ದಳು. ಬೆಳಿಗ್ಗೆ ಪಕ್ಕದ ಮನೆಯ ಚಂದವ್ವ ಬಂದು ಎದುರಿಗೆ ಕೂರುತ್ತಿದ್ದಳು. ಒಂದೇ ಗೂಟಕ್ಕೆ ಇಬ್ಬರ ಕೈ. ಆಯಿ ಒಂದು ಸೊಲ್ಲು ಎತ್ತಿದರೆ ಚಂದವ್ವ ಆ ಸೊಲ್ಲು ಹಿಡಿಯಬೇಕು. ಚಂದವ್ವ ಹಿಡಿಯುವುದು ತಡವಾದರೆ ಕಲ್ಲು ಭಾರವಾಗುತ್ತಿತ್ತು. ಇದು ಕವಿತೆಯ ಮಾತಲ್ಲ. ನಾನು ಕಣ್ಣಾರೆ ನೋಡಿದ್ದೇನೆ, ಹಾಡು ನಿಂತರೆ ಕಲ್ಲೂ ನಿಲ್ಲುತ್ತಿತ್ತು. ರಜೆಗೆ ಹೋದಾಗ ನಡುವೆ ಕೂತು ಹಿಡಿ ಹಿಡಿಯಾಗಿ ಜೋಳ ಹಾಕುವುದು ನನ್ನ ಕೆಲಸ. ಜೋಳ ಹಾಕುತ್ತಾ ನಾನೂ ಗಂಟಲು ಹರಿಯುವಂತೆ ಹಾಡುತ್ತಿದ್ದೆ. ಕಲ್ಲಿನ ಗರಗರದಲ್ಲಿ ನನ್ನ ಶ್ರುತಿ ಯಾರಿಗೆ ಕೇಳಬೇಕು? ಯಾರೂ ಏನೂ ಅನ್ನಲಿಲ್ಲ. ಹೀಗಾಗಿ ನನಗೆ ಹಾಡಲು ಬರುತ್ತದೆ ಎಂದೇ ನಾನು ಒಂಬತ್ತು ವರ್ಷ ನಂಬಿದ್ದೆ.

ಆ ನಂಬಿಕೆ ಮುರಿದದ್ದು ನಾಲ್ಕನೇ ಇಯತ್ತೆಯಲ್ಲಿ, ಧ್ವಜವಂದನೆಯ ಹಾಡಿನ ತಾಲೀಮಿನಲ್ಲಿ. ನಮ್ಮ ಮಾಸ್ತರರು ಸಾಲಾಗಿ ನಿಂತ ಮಕ್ಕಳ ಎದುರು ನಿಧಾನವಾಗಿ ನಡೆಯುತ್ತಾ, ಒಬ್ಬೊಬ್ಬರ ಬಾಯಿಯ ಹತ್ತಿರ ಬಗ್ಗಿ ಕಿವಿ ಕೊಡುತ್ತಿದ್ದರು. ಕಲ್ಲಂಗಡಿ ಕೊಳ್ಳುವವರು ಹಣ್ಣು ಬಡಿದು ನೋಡುತ್ತಾರಲ್ಲ, ಹಾಗೆ. ನನ್ನ ಹತ್ತಿರ ಬಂದರು. ಬಗ್ಗಿದರು. ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಮೆತ್ತಗೆ ಹೇಳಿದರು: "ಯವ್ವಾ, ನೀ ಬರೇ ತುಟಿ ಅಲ್ಲಾಡಿಸು. ದನಿ ತಗೀಬ್ಯಾಡ."

ಅವರು ಕೆಟ್ಟವರಾಗಿರಲಿಲ್ಲ. ಹೊಡೆಯಲಿಲ್ಲ, ಸಾಲಿನಿಂದ ಹೊರಗೆ ಹಾಕಲಿಲ್ಲ. ನಾನು ನೇರವಾಗಿ ನಿಲ್ಲುತ್ತೇನೆಂದು ನಡುಮಧ್ಯಕ್ಕೇ ನಿಲ್ಲಿಸಿದರು. ಧ್ವಜವಂದನೆಯ ದಿನ ಬಂದ ಅತಿಥಿಗಳು ಭಾಷಣದಲ್ಲಿ ನನ್ನ ಕಡೆಗೆ ಬೆರಳು ಮಾಡಿ, "ಆ ನಡುವಿನ ಹುಡುಗಿ ನೋಡ್ರಿ, ಎಷ್ಟು ಮನಸಿಟ್ಟು ಹಾಡತಾಳ!" ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಬದುಕಿನಲ್ಲಿ ಸಂಗೀತಕ್ಕಾಗಿ ನನಗೆ ಸಿಕ್ಕ ಚಪ್ಪಾಳೆ ಅದೊಂದೇ.

ಅಂದಿನಿಂದ ನಾನು ಆ ವಿದ್ಯೆಯಲ್ಲಿ ಪಳಗಿದೆ. ಇದು ನೀವು ತಿಳಿದಷ್ಟು ಸುಲಭವಲ್ಲ. ಬರೀ ತುಟಿ ಕುಣಿಸಿದರೆ ಪಕ್ಕದವರಿಗೆ ತಿಳಿದುಬಿಡುತ್ತದೆ. ಎದೆ ಏರಬೇಕು, ಇಳಿಯಬೇಕು. ಎತ್ತರದ ಸ್ವರ ಬಂದಾಗ ಹುಬ್ಬು ಮೇಲೆ ಹೋಗಬೇಕು. ಕೊನೆಯಲ್ಲಿ ದಣಿದಂತೆ ಒಂದು ಉಸಿರು ಬಿಡಬೇಕು. ಸಾಲಿಯಿಂದ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದಾಗ ಮೇಲಿನ ಸುತ್ತುಪಡಸಾಲೆಯಲ್ಲಿ ನಿಂತು ಎಲ್ಲ ಮಕ್ಕಳೂ ತಮ್ಮ ತಮ್ಮ ಹೆಸರು ಕೂಗಿದರು, ಗುಮ್ಮಟ ಅವರ ಹೆಸರನ್ನು ಮತ್ತೆ ಮತ್ತೆ ಕೂಗಿ ಹಿಂದಿರುಗಿಸಿತು. ನಾನು ಅಲ್ಲಿಯೂ ತುಟಿಯನ್ನೇ ಅಲ್ಲಾಡಿಸಿದೆ. ವಿಜಯಪುರದಲ್ಲಿ ಹುಟ್ಟಿ ಬೆಳೆದು ಗುಮ್ಮಟದಲ್ಲಿ ಒಮ್ಮೆಯೂ ಕೂಗದ ಹೆಂಗಸು ನಾನೊಬ್ಬಳೇ ಇರಬೇಕು.

ಮದುವೆಯಾಯಿತು, ಮಕ್ಕಳಾದವು. ಜೋಗುಳ ಹಾಡಬೇಕಲ್ಲ? ನಾನು ಮಗ್ಗಿ ಹೇಳಿ ಮಲಗಿಸಿದೆ. ಹದಿನೇಳರ ಮಗ್ಗಿ ಒಳ್ಳೆಯ ಜೋಗುಳ, ಬೇಕಾದರೆ ಪರೀಕ್ಷಿಸಿ ನೋಡಿ. ನನ್ನ ದೊಡ್ಡ ಮಗಳು ಈಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಹದಿನೇಳು ಎಂಟ್ಲೆ ಎಂದರೆ ಸಾಕು, ಇಂದಿಗೂ ಆಕಳಿಸುತ್ತಾಳೆ. ನಗುತ್ತೇನೆ, ಆದರೆ ಒಳಗೊಳಗೆ ಅದು ನನಗೆ ನೋವಿನ ಮಾತೇ. ಅತ್ತೆ ಆಕೆಯನ್ನು ಮಡಿಲಲ್ಲಿ ಹಾಕಿಕೊಂಡು ಹಾಡುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

ಬಬಲೇಶ್ವರದ ಸಾಲಿಯಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿದೆ. ಇಪ್ಪತ್ತೆಂಟು ವರ್ಷ ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಮಕ್ಕಳ ಎದುರು ನಿಂತು ತುಟಿ ಅಲ್ಲಾಡಿಸಿದೆ. ನಿವೃತ್ತಿಯಾದ ಮೇಲೆ ಗಂಗಕ್ಕ ನನ್ನನ್ನು ತನ್ನ ಭಜನಾ ಮಂಡಳಿಗೆ ಎಳೆದುಕೊಂಡಳು. ಗಂಗಕ್ಕ ನಮ್ಮ ಓಣಿಯವಳು, ಮಂಡಳಿಯ ಅಧ್ಯಕ್ಷೆ. ಹಾರ್ಮೋನಿಯಂ ಪೇಟಿಯನ್ನೂ ಅವಳೇ ಬಾರಿಸುತ್ತಾಳೆ, ಹಾಡನ್ನೂ ಅವಳೇ ಎತ್ತುತ್ತಾಳೆ, ಪ್ರಸಾದವನ್ನೂ ಅವಳೇ ಹಂಚುತ್ತಾಳೆ. ಪ್ರತಿ ಸೋಮವಾರ ಸಂಜೆ ಅವಳ ಪಡಸಾಲೆಯಲ್ಲಿ ಹದಿನೈದು ಹೆಂಗಸರು. ನಾನು ಎರಡನೇ ಸಾಲು, ಕಂಬದ ಪಕ್ಕ.

ಇಷ್ಟು ಪೀಠಿಕೆ ಸಾಕು. ಈಗ ಚಿಸೊಮೊ ಬರುತ್ತಾಳೆ.

ನಮ್ಮ ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೇಲ್ವೆ ಹಳಿಗೆ ಹತ್ತಿರ. ಮಕ್ಕಳು ಅವರವರ ಸಂಸಾರಕ್ಕೆ ಹೋದ ಮೇಲೆ ಮಾಳಿಗೆಯ ಕೋಣೆ ಬಾಡಿಗೆಗೆ ಕೊಟ್ಟೆವು. ಎರಡು ವರ್ಷದ ಹಿಂದೆ ಅಲ್ಲಿಗೆ ಬಂದವಳು ಚಿಸೊಮೊ. ಇಲ್ಲಿಯ ಕಾಲೇಜೊಂದರಲ್ಲಿ ಓದಲು ಆಫ್ರಿಕಾದ ಮಲಾವಿ ದೇಶದಿಂದ ಬಂದಿದ್ದಳು. ನಾನು ಭೂಗೋಳ ಕಲಿಸಿದವಳು, ಆದರೂ ಬಾಗಿಲು ಹಾಕಿಕೊಂಡು ಅಟ್ಲಾಸ್ ತೆಗೆದು ನೋಡಬೇಕಾಯಿತು. ದೊಡ್ಡ ಸರೋವರವೊಂದರ ದಂಡೆಗೆ ಉದ್ದಕ್ಕೆ ಮಲಗಿಕೊಂಡ ಸಣ್ಣ ದೇಶ. ಗಂಗಕ್ಕ ಅಟ್ಲಾಸಿನ ಗೊಡವೆಗೆ ಹೋಗಲಿಲ್ಲ. ಮೊದಲ ದಿನವೇ, "ಚಿಸೊಮೊ ಪಿಸೊಮೊ ನನಗ ಬರಂಗಿಲ್ಲ. ನೀ ನಮ್ಮ ಸೋಮವ್ವ" ಎಂದು ನಾಮಕರಣ ಮಾಡಿ, ಶೇಂಗಾ ಹೋಳಿಗೆ ಕೈಗೆ ಕೊಟ್ಟಳು. ಹುಡುಗಿ ಕನ್ನಡ ಕಲಿತದ್ದೂ ಗಂಗಕ್ಕನ ಅಂಗಳದಲ್ಲೇ. ಹೀಗಾಗಿ ಅವಳ ಕನ್ನಡಕ್ಕೆ ಪುಸ್ತಕದ ವಾಸನೆ ಇಲ್ಲ. ಬೇಕಾದಲ್ಲಿ, ಬೇಡವಾದಲ್ಲಿ ಎಲ್ಲ ಕಡೆಗೂ ಒಂದು 'ರಿ' ಹಚ್ಚುತ್ತಾಳೆ. ಬೀದಿನಾಯಿಗೂ "ಬರ್ರಿ" ಎಂದು ಅನ್ನ ಹಾಕುತ್ತಾಳೆ.

ಅವಳಿಗೆ ಗೋವಿನಜೋಳದ ಹಿಟ್ಟು ಬೇಕಾಗಿತ್ತು. ಅದನ್ನು ಕುದಿಯುವ ನೀರಿನಲ್ಲಿ ತಿರುವಿ ತಿರುವಿ ಗಟ್ಟಿ ಮಾಡಿ, ಬೆರಳಿಂದ ಮುರಿದು, ಪಲ್ಲೆಯಲ್ಲಿ ಅದ್ದಿ ತಿನ್ನುತ್ತಾರೆ. "ಇದು ನಮ್ಮ ಸಂಗಟಿನ ಬಿಡು, ಬಣ್ಣ ಅಷ್ಟ ಬ್ಯಾರೆ" ಎಂದಳು ಗಂಗಕ್ಕ. ಗಿರಣಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿ ಸರತಿಯಲ್ಲಿ ನಿಂತಾಗ ಚಿಸೊಮೊ ತನ್ನ ಅಜ್ಜಿಯ ಊರಿನ ಮಾತು ತೆಗೆದಳು. ಅಲ್ಲಿ ಗೋವಿನಜೋಳವನ್ನು ಒರಳಿನಲ್ಲಿ ಹಾಕಿ, ಇಬ್ಬರು ಮೂವರು ಹೆಂಗಸರು ಸುತ್ತ ನಿಂತು ಒನಕೆ ಹಾಕುತ್ತಾರೆ. ಒಬ್ಬಳು ಹಾಡು ಎತ್ತುತ್ತಾಳೆ, ಒನಕೆ ಬೀಳುವಾಗ ಉಳಿದವರು ಉತ್ತರ ಕೊಡುತ್ತಾರೆ. ಸೊಸೆಗೆ ಅತ್ತೆಯ ಮೇಲೆ ಸಿಟ್ಟಿದ್ದರೆ ಅದನ್ನೂ ಆ ಹಾಡಿನಲ್ಲಿ ಹೇಳಬಹುದು. ಎದುರಿಗೆ ಒನಕೆ ಹಿಡಿದು ನಿಂತ ಅತ್ತೆಯೇ ಉತ್ತರ ಹಾಡಬೇಕು, ಹಾಡಿದ ಮೇಲೆ ಮುಖ ಗಂಟು ಹಾಕಿಕೊಳ್ಳುವಂತಿಲ್ಲ. ನಾನು ಗಿರಣಿಯ ಸದ್ದಿನಲ್ಲಿ ನಿಂತು ಆಯಿಯನ್ನು, ಚಂದವ್ವನನ್ನು ನೆನೆದೆ. ಚಂದವ್ವ ಹಾಡುತ್ತಿದ್ದ ಸೊಸೆಯ ಹಾಡುಗಳೂ ಹೆಚ್ಚು ಕಡಿಮೆ ಹೀಗೇ ಇದ್ದವು.

ರವಿವಾರ ಬೆಳಿಗ್ಗೆ ಅವಳ ಮೂವರು ಗೆಳತಿಯರು ಬರುತ್ತಿದ್ದರು. ಒಬ್ಬಳು ಜಾಂಬಿಯಾದವಳು, ಒಬ್ಬಳು ಉಗಾಂಡಾದವಳು, ಇನ್ನೊಬ್ಬಳು ಘಾನಾದವಳು. ಒಬ್ಬರ ಮನೆಮಾತು ಇನ್ನೊಬ್ಬರಿಗೆ ಬಾರದು. ನಾಲ್ವರೂ ಮಾಳಿಗೆಯ ಮೇಲೆ ನಿಂತು ದೇವರ ಪ್ರಾರ್ಥನೆ ಹಾಡುತ್ತಿದ್ದರು. ತಾಲೀಮಿಲ್ಲ, ಪೇಟಿಯಿಲ್ಲ, ಪುಸ್ತಕವಿಲ್ಲ. ಒಬ್ಬಳು ಎಲ್ಲಿಂದಲೋ ಎತ್ತಿದರೆ ಉಳಿದವರು ತಮಗೆ ಸರಿಕಂಡ ಕಡೆ ಸೇರಿಕೊಳ್ಳುತ್ತಿದ್ದರು. ಒಬ್ಬಳು ಮೇಲೆ, ಒಬ್ಬಳು ಕೆಳಗೆ, ಒಬ್ಬಳು ನಡುವೆ. ಹೇಗೋ ಅದೆಲ್ಲ ಕೂಡಿ ಒಂದಾಗುತ್ತಿತ್ತು. ಜೊತೆಗೆ ಕಾಲಿನ ತಾಳ. ಕೆಳಗೆ ನಮ್ಮ ಮನೆಯವರ ಚಹಾದ ಕಪ್ಪು ಬಸಿಯ ಮೇಲೆ ಟಣಟಣ ಕುಣಿಯುತ್ತಿತ್ತು. ಸೊಲ್ಲಾಪುರದ ಗಾಡಿ ಕೂಗಿಕೊಂಡು ಹೋದರೂ ಅವರು ನಿಲ್ಲಿಸುತ್ತಿರಲಿಲ್ಲ.

ಒಂದು ರವಿವಾರ ನಮ್ಮ ಮನೆಯವರು ಕುರ್ಚಿ ಎತ್ತಿಕೊಂಡು, "ಕುಂತು ಕೇಳಿ ಬರ್ತೇನಿ" ಎಂದು ಮೇಲೆ ಹೋದರು. ಇವರು ವಿದ್ಯುತ್ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು, ಕುರ್ಚಿಯ ಮೇಲೆ ಕೂತು ಕೇಳುವುದರಲ್ಲಿ ಬಹಳ ಅನುಭವಸ್ಥರು. ಒಂದು ತಾಸಿನ ಮೇಲೆ ಬೆವರು ಒರೆಸಿಕೊಳ್ಳುತ್ತಾ ಕೆಳಗೆ ಬಂದರು. ಮುಖ ಅರಳಿತ್ತು. ಅವರ ಕೈಯಲ್ಲಿ ನನ್ನ ಸ್ಟೀಲ್ ತಾಟು ಮತ್ತು ಒಂದು ಚಮಚ. "ಕುಂಡರಾಕ ಬಿಡಲಿಲ್ಲ ಮಾರಾಯ್ತಿ. ಇದನ್ನ ಕೈಯಾಗ ಕೊಟ್ರು" ಎಂದರು. ಎಷ್ಟೋ ವರ್ಷಗಳಿಂದ ನಾನು ಅವರನ್ನು ಅಷ್ಟು ಖುಷಿಯಲ್ಲಿ ನೋಡಿರಲಿಲ್ಲ.

ಆ ನಾಲ್ವರೂ ಗೋಳಗುಮ್ಮಟಕ್ಕೆ ಹೋಗಿ ಅಲ್ಲಿಯೂ ಹಾಡಿ, ಕಾವಲಿನವನಿಂದ ಸೀಟಿ ಊದಿಸಿಕೊಂಡು ಬಂದಿದ್ದರು. ಚಿಸೊಮೊ ಹೇಳಿದಳು: "ಅಕ್ಕೋರ, ಆ ಗುಮ್ಮಟ ನಮ್ಮ ಊರ ಮಂದಿ ಇದ್ದಂಗ ಐತ್ರಿ. ಕೂಗಿದರ ಉತ್ತರ ಕೊಡತೈತ್ರಿ."

ಒಂದು ಸೋಮವಾರ ಅವಳು ನಮ್ಮ ಭಜನೆಗೆ ಬಂದಳು. ಗಂಗಕ್ಕ ಅವಳ ಹಣೆಗೆ ವಿಭೂತಿ ಹಚ್ಚಿ ಮುಂದೆ ಕೂಡಿಸಲು ನೋಡಿದಳು, ಅವಳು ಬಂದು ಕಂಬದ ಪಕ್ಕ ನನಗೆ ಅಂಟಿಕೊಂಡೇ ಕೂತಳು. ಭಜನೆಯ ಮಾತು ತಿಳಿಯದಿದ್ದರೂ ಎರಡನೇ ಸೊಲ್ಲಿಗೇ ಹಾಡು ಹಿಡಿದುಬಿಟ್ಟಳು. ನಾನು ಹುಬ್ಬು ಏರಿಸುತ್ತಿದ್ದೆ, ಎದೆ ಉಬ್ಬಿಸುತ್ತಿದ್ದೆ. ಐವತ್ತು ವರ್ಷಗಳಲ್ಲಿ ಯಾರಿಗೂ ಸಂಶಯ ಬಂದಿರಲಿಲ್ಲ. ಈ ಹುಡುಗಿ ಅರ್ಧ ಭಜನೆಯಲ್ಲಿ ನನ್ನ ಕಡೆ ತಿರುಗಿ, ನನ್ನ ಬಾಯಿಯನ್ನೇ ನೋಡುತ್ತಾ ಕೂತಳು.

ಮನೆಗೆ ಬಂದು ಮೆಟ್ಟಿಲ ಹತ್ತಿರ ನಿಂತಾಗ ಕೇಳಿದಳು: "ಅಕ್ಕೋರ, ನಿಮ್ಮ ದನಿ ಎಲ್ಲಿ ಐತ್ರಿ?"

ಗಂಟಲು ಕೆಟ್ಟಿದೆ ಎನ್ನಬಹುದಾಗಿತ್ತು. ಪರ್ಸೂ ಕೈಯಲ್ಲೇ ಇತ್ತು. ಯಾಕೋ ಅಂದು ಸುಳ್ಳು ಬಾಯಿಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಮಾಸ್ತರರ ಕಥೆ ಎಲ್ಲ ಹೇಳಿದೆ. ಗಂಡನಿಗೂ ಹೇಳಿರದ ಕಥೆ. ನಗುತ್ತಾಳೆ ಎಂದುಕೊಂಡು ನಾನೇ ಮೊದಲು ನಕ್ಕೆ. ಅವಳು ನಗಲಿಲ್ಲ. ಅವಳ ಮುಖದಲ್ಲಿ ಗಾಬರಿ ಇತ್ತು.

ಆಮೇಲೆ ಅವಳು ಹೇಳಿದ್ದು ಇದು. ಅವಳ ಅಜ್ಜಿಯ ಊರಿನ ಪ್ರಾರ್ಥನಾ ಮಂದಿರದಲ್ಲಿ ಹಾಡುವವರು ಬೇರೆ, ಕೇಳುವವರು ಬೇರೆ ಎಂದು ಇಲ್ಲ. ಬಂದವರೆಲ್ಲ ಹಾಡುವವರೇ. ಕಾಣಿಕೆ ಹಾಕಲು ಹೋಗುವಾಗಲೂ ಹಾಡುತ್ತಾ ಕುಣಿಯುತ್ತಾ ಹೋಗುತ್ತಾರೆ. ಯಾರಾದರೂ ಬಾಯಿ ಮುಚ್ಚಿ ನಿಂತಿದ್ದು ಕಂಡರೆ, ಅವತ್ತೇ ಮಧ್ಯಾಹ್ನ ನಾಲ್ವರು ಹೆಂಗಸರು ಅವರ ಮನೆಗೆ ಹೋಗುತ್ತಾರೆ. ಮೈಯಲ್ಲಿ ಹುಷಾರಿಲ್ಲವೆ, ಯಾರ ಮೇಲಾದರೂ ಸಿಟ್ಟೆ, ಮನೆಯಲ್ಲಿ ಹಿಟ್ಟಿಲ್ಲವೆ ಎಂದು ವಿಚಾರಿಸುತ್ತಾರೆ. ಅವಳ ತಂದೆ ತೀರಿಕೊಂಡಾಗ ಅವಳಿಗೆ ಅಳುವುದಕ್ಕೂ ಆಗಲಿಲ್ಲ, ಹಾಡುವುದಕ್ಕೂ ಆಗಲಿಲ್ಲವಂತೆ. ಊರ ಹೆಂಗಸರು ಬಂದು ಅಂಗಳದ ತುಂಬ ಕೂತು ಹಾಡಿದರು. "ನನ್ನ ಪಾಲಿಂದೂ ಅವರ ಹಾಡಿದ್ರು ರೀ" ಎಂದಳು. ನನ್ನ ಕೈ ಹಿಡಿದುಕೊಂಡು ಕೇಳಿದಳು:

"ನಿಮ್ಮ ಮನಿಗಿ ಯಾರೂ ಬರಲಿಲ್ಲೇನ್ರಿ? ಯಾಕ ಹಾಡವಲ್ರಿ ಅಂತ ಕೇಳಾಕ?"

"ತಡಿ, ಚಹಾ ಇಡ್ತೇನಿ" ಎಂದು ಒಳಗೆ ಹೋದೆ. ಒಲೆಯ ಮುಂದೆ ನಿಂತಾಗ ಕಣ್ಣು ತುಂಬಿಕೊಂಡಿದ್ದವು. ಅಷ್ಟು ಸಣ್ಣ ಸಂಗತಿಗೆ ಅಷ್ಟು ವಯಸ್ಸಾದ ಮೇಲೆ ಅಳುವುದೆಂದರೆ ನಾಚಿಕೆಗೇಡು ಎಂದು ನನ್ನನ್ನು ನಾನೇ ಬೈದುಕೊಂಡೆ. ಚಹಾಕ್ಕೆ ಸಕ್ಕರೆ ಎರಡು ಸಲ ಬಿತ್ತು.

ಇದಾದ ತಿಂಗಳಿಗೆ ನಮ್ಮ ಮಂಡಳಿಯ ವಾರ್ಷಿಕೋತ್ಸವ ಬಂತು. ಈ ಸಲ ಏನಾದರೂ ಹೊಸದು ಮಾಡಬೇಕೆಂದು ಗಂಗಕ್ಕನಿಗೆ ಹುಕಿ ಬಂದಿತ್ತು. "ಸೋಮವ್ವ ಮತ್ತ ಆಕಿ ಗೆಳತ್ಯಾರ್ದು ಒಂದು ಕಾರ್ಯಕ್ರಮ ಇಡೂಣು" ಎಂದಳು. ಎಲ್ಲರಿಗೂ ಖುಷಿ. ಸಿದ್ಧೇಶ್ವರ ಗುಡಿಯ ಹತ್ತಿರ ಒಂದು ಸಭಾಗೃಹ, ಸಂಜೆ ನಾಲ್ಕಕ್ಕೆ. ವೇದಿಕೆ, ಬ್ಯಾನರು, ಇನ್ನೂರು ಕುರ್ಚಿ, ಮುಖ್ಯ ಅತಿಥಿಯಾಗಿ ಒಬ್ಬ ನಿವೃತ್ತ ಪ್ರಾಚಾರ್ಯರು, ಶಾಲು, ಹಣ್ಣಿನ ಬುಟ್ಟಿ. ನಮಗೆ ಯಾರನ್ನಾದರೂ ಪ್ರೀತಿಸುವುದು ಗೊತ್ತಿರುವುದು ಹೀಗೇ; ಹಿಡಿದು ವೇದಿಕೆಯ ಮೇಲೆ ಕೂಡಿಸಿ ಶಾಲು ಹೊದಿಸುವುದು. ಚಿಸೊಮೊ ಒಂದೇ ಮಾತು ಕೇಳಿದಳು: "ಹಾಡಾಕ ಎಷ್ಟು ಮಂದಿ ಬರತಾರ್ರಿ?" ಗಂಗಕ್ಕ ಹೆಮ್ಮೆಯಿಂದ, "ಇನ್ನೂರು ಮಂದಿ!" ಎಂದಳು. ಹುಡುಗಿಯ ಕಣ್ಣು ದೊಡ್ಡವಾದವು. ಗಂಗಕ್ಕ ಹೇಳಿದ್ದು ಕೇಳಲು ಬರುವವರ ಸಂಖ್ಯೆ. ಹುಡುಗಿ ಕೇಳಿದ್ದು ಹಾಡಲು ಬರುವವರದು. ನನಗೆ ಇಬ್ಬರ ಮನಸ್ಸೂ ಗೊತ್ತಿತ್ತು, ತಿದ್ದಬಹುದಾಗಿತ್ತು. ಹೊಳೆಯಲಿಲ್ಲ.

ಅಂದು ಮೂರು ಗಂಟೆಗೇ ಹೋಗಿ ಕುರ್ಚಿ ಸಾಲು ನೋಡುತ್ತಿದ್ದೆ. ಮೈಕ್‌ಸೆಟ್ಟಿನವರು ಬಂದರು. ವಾಯರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಹುಡುಗರಿಗೆ ಹುಕುಂ ಮಾಡುತ್ತಾ ಬಂದದ್ದು ಒಬ್ಬ ಹೆಂಗಸು. ನಲವತ್ತರ ಆಜುಬಾಜು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ನನ್ನನ್ನು ನೋಡಿ ಸುರುಳಿ ಕೆಳಗಿಟ್ಟು ಕಾಲು ಮುಟ್ಟಿದಳು.

"ಅಕ್ಕೋರ, ಗುರುತ ಸಿಕ್ಕಿಲ್ಲೇನ್ರಿ? ನಾ ಸುನಂದಾ. ಬಬಲೇಶ್ವರ ಸಾಲ್ಯಾಗ ನಿಮ್ಮ ಕೈಯಾಗ ಕಲ್ತಾಕಿ. ಗಂಡಂದು ಶಾಮಿಯಾನಾ ಧಂದೆ ಐತಿ, ಮೈಕ್‌ಸೆಟ್ ನಾನ ನೋಡ್ಕೋತೇನ್ರಿ."

ಶಿಕ್ಷಕಿಗೆ ಇದಕ್ಕಿಂತ ಖುಷಿ ಏನಿದೆ? ಬೆನ್ನು ಸವರಿದೆ, ಮಕ್ಕಳೆಷ್ಟು ಎಂದು ಕೇಳಿದೆ. ಅವಳು ವಾಯರು ಜೋಡಿಸುತ್ತಾ ನಗುನಗುತ್ತಾ ಹೇಳಿದಳು:

"ನಾ ನಿಮ್ಮನ್ನ ದಿನಾ ನೆನಸ್ತೇನ್ರಿ. ಹಾಡಿನ ಸ್ಪರ್ಧಾಕ ನಮ್ಮನ್ನ ತಯಾರ ಮಾಡಿದ್ರಲ್ರಿ, ಆವಾಗ ನೀವು ನನ್ನ ಬಾಜೂಕ ಬಂದು, 'ಸುನಂದಾ, ನೀ ಬರೇ ತುಟಿ ಅಲ್ಲಾಡಿಸು' ಅಂದಿದ್ರಿ. ಅವತ್ತು ಬಾಯಿ ಮುಚ್ಚಿದಾಕಿ ನೋಡ್ರಿ, ಇನ್ನತನಕ ತೆರದಿಲ್ಲ. ಈಗ ಮಂದಿ ದನಿ ದೊಡ್ಡದು ಮಾಡು ಧಂದೇಕ ಬಿದ್ದೇನಿ!"

ಅವಳಿಗೆ ಅದು ತಮಾಷೆಯ ನೆನಪು. ಹುಡುಗರಿಗೂ ನಗು ಬಂತು. ನನಗೆ ನಿಂತ ಜಾಗದಲ್ಲಿ ನೆಲ ಸಾಲದಾಯಿತು.

ನೆನಪಾಯಿತು. ಎರಡು ಜಡೆಯ, ಗಂಟಲು ದೊಡ್ಡದಿದ್ದ ಹುಡುಗಿ. ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು, ಹಾಡಿನಲ್ಲಿ. ತಾಲೂಕಾ ಮಟ್ಟದ ಸ್ಪರ್ಧೆ, ಟೇಪ್ ಹಚ್ಚಿ ಹಾಡು ಕಲಿಸಿದ್ದೆ, ಬಹುಮಾನ ಬರಬೇಕಾಗಿತ್ತು. ಅವಳ ತಲೆಯ ಮೇಲೆ ಕೈಯಿಟ್ಟು ಬಹಳ ಮೆತ್ತಗೆ ಹೇಳಿದ್ದೆ. ನನ್ನ ಮಾಸ್ತರರು ಹೇಳಿದಷ್ಟೇ ಮೆತ್ತಗೆ. ಇದು ಹೇಗಿರುತ್ತದೆ ಎಂದು ಆ ಸಾಲಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಆದರೂ ಹೇಳಿದೆ. ಹೇಳಿ ಮರೆತೂಬಿಟ್ಟೆ. ನನಗೆ ಮಾಸ್ತರರು ಅಂದದ್ದು ಐವತ್ತು ವರ್ಷ ನೆನಪಿತ್ತು, ನಾನು ಅಂದದ್ದು ಐದು ದಿನವೂ ನೆನಪಿರಲಿಲ್ಲ. ಅಂಥ ನಾಚಿಕೆ ನನಗೆ ಬದುಕಿನಲ್ಲಿ ಇನ್ನೊಮ್ಮೆ ಆಗಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದರು.

ಸ್ವಾಗತವಾಯಿತು, ದೀಪ ಬೆಳಗಿದ್ದಾಯಿತು, ಹಾಡುವ ಮೊದಲೇ ಸನ್ಮಾನವೂ ಆಯಿತು. ನಾಲ್ವರು ಹುಡುಗಿಯರು ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ಮೈಕಿನ ಮುಂದೆ ನಿಂತರು. ಕೆಳಗೆ ಇನ್ನೂರು ಜನ ಕೈಕಟ್ಟಿ ಕೂತಿದ್ದೆವು. ಚಿಸೊಮೊ ಹಾಡು ಎತ್ತಿದಳು. ಬೆಳೆ ಮನೆಗೆ ಬಂದಾಗಲೂ ದೇವರ ಮುಂದೆಯೂ ಹಾಡುವ ಹಾಡು ಎಂದು ನನಗೆ ಮೊದಲೇ ಹೇಳಿದ್ದಳು. ಒಂದು ಸಾಲು ಹಾಡಿ, ಕೈ ನಮ್ಮ ಕಡೆ ಚಾಚಿ, ನಿಲ್ಲಿಸಿದಳು.

ನಾವು ಚಪ್ಪಾಳೆ ತಟ್ಟಿದೆವು.

ಹುಡುಗಿಯರು ಮುಖ ಮುಖ ನೋಡಿಕೊಂಡರು. ಇನ್ನೊಂದು ಸಾಲು ಹಾಡಿ ಮತ್ತೆ ನಿಲ್ಲಿಸಿದಳು. ಇನ್ನೂ ಜೋರಾಗಿ ಚಪ್ಪಾಳೆ. ಮೂರನೇ ಸಲ ನಿಲ್ಲಿಸಿದಾಗ ಮುಖ್ಯ ಅತಿಥಿಗಳು ಕಾರ್ಯಕ್ರಮ ಮುಗಿಯಿತೆಂದು ತಿಳಿದು, "ಇಂಥ ಸುಶ್ರಾವ್ಯ ಗಾಯನವನ್ನು..." ಎಂದು ಎದ್ದೇಬಿಟ್ಟರು. ಗಂಗಕ್ಕ ಅವರ ಅಂಗಿ ಹಿಡಿದು ಕೂಡಿಸಿದಳು.

ಚಿಸೊಮೊ ಬುಟ್ಟಿ ಕೆಳಗಿಟ್ಟಳು. ಶಾಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು. ವೇದಿಕೆ ಇಳಿದು ಬಂದಳು.

"ಹಿಂಗ ಕುಂತ್ರ ಹಾಡು ಮುಂದ ಹೋಗಂಗಿಲ್ರಿ. ನಾ ಅರ್ಧಾ ಹಾಡೇನಿ. ಇನ್ನರ್ಧಾ ನಿಮ್ಮ ಹಂತೇಕ ಐತ್ರಿ. ಎಲ್ಲಾರೂ ಏಳ್ರಿ. ಕುರ್ಚಿ ಸರಸ್ರಿ."

ಸಭೆಯಲ್ಲಿ ಗುಸುಗುಸು. ಕುರ್ಚಿ ಸರಿಸಿದೆವು, ಗೋಡೆಗುಂಟ ದೊಡ್ಡ ಸುತ್ತಾಗಿ ನಿಂತೆವು. ಅವಳು ಉತ್ತರ ಹೇಳಿಕೊಟ್ಟಳು. ಒಂದೇ ಮಾತು, ಜಿಕೊಮೊ. ಅವರ ಭಾಷೆಯಲ್ಲಿ ಹಾಗೆಂದರೆ 'ನಿನ್ನ ಉಪಕಾರ' ಎಂದು. ಮತ್ತೆ ಸಾಲು ಎತ್ತಿ, ಕೈ ಚಾಚಿ, ನಿಂತಳು.

ಒಬ್ಬರೂ ಬಾಯಿ ತೆರೆಯಲಿಲ್ಲ. ಪ್ರಾಚಾರ್ಯರು ತಮ್ಮ ಬೂಟು ನೋಡಿಕೊಂಡರು. ಮಂಡಳಿಯ ಹೆಂಗಸರು ಗಂಗಕ್ಕನನ್ನು ನೋಡಿದರು. ಗಂಗಕ್ಕನಿಗೆ ಯಾವಾಗಲೂ ತಾನೇ ಎತ್ತಿ ಗೊತ್ತು, ಇನ್ನೊಬ್ಬರು ಎತ್ತಿದ್ದನ್ನು ಹಿಡಿದು ಗೊತ್ತಿಲ್ಲ. ಅವಳು ಪೇಟಿಯನ್ನು ಹುಡುಕುತ್ತಿದ್ದಳು. ಚಿಸೊಮೊಳ ಕೈ ಹಾಗೇ ಚಾಚಿಕೊಂಡೇ ಇತ್ತು. ಆ ಕೈ ನೋಡಿ ನನಗೆ ತಡೆಯಲಾಗಲಿಲ್ಲ. ಊರು ಬಿಟ್ಟು, ಕಡಲು ದಾಟಿ ಬಂದ ಹುಡುಗಿ ಅರ್ಧ ಹಾಡಿ ನಿಂತಿದ್ದಾಳೆ. ಇನ್ನೂರು ಜನರಲ್ಲಿ ಒಬ್ಬರೂ ಹಿ‌ಡಿಯುತ್ತಿಲ್ಲ.

"ಜಿಕೊಮೊ" ಎಂದೆ. ಅಂದೆನೇ? ಹಾಡಿದೆ. ಎಣ್ಣೆ ಕಾಣದ ಬಾಗಿಲಿನಂಥ ದನಿ ಹೊರಗೆ ಬಂತು. ಅದು ನನ್ನದೆಂದು ಗೊತ್ತಾಗಲು ನನಗೇ ಒಂದು ಗಳಿಗೆ ಹಿಡಿಯಿತು. ಅಕ್ಕಪಕ್ಕದವರು ತಿರುಗಿ ನೋಡಿದರು. ಗಂಗಕ್ಕ ಬಾಯಿ ತೆರೆದುಕೊಂಡು ನಿಂತಳು. ಚಿಸೊಮೊ ಮಾತ್ರ ನನ್ನ ದನಿ ಹೇಗಿದೆ ಎಂದು ನೋಡಲೇ ಇಲ್ಲ, ಸಿಕ್ಕಿತಲ್ಲ ಎಂದು ತಟ್ಟನೆ ಮುಂದಿನ ಸಾಲಿಗೆ ಹೋದಳು. ಎರಡನೇ ಜಿಕೊಮೊಗೆ ನಮ್ಮ ಮನೆಯವರು ಸೇರಿದರು, ಮೂರನೆಯದಕ್ಕೆ ಗಂಗಕ್ಕ, ಆಮೇಲೆ ಯಾರು ಯಾರೋ ತಿಳಿಯಲಿಲ್ಲ. ಕಾಲುಗಳು ತಾವಾಗಿಯೇ ತಾಳ ಹಿಡಿದವು, ಸುತ್ತು ನಿಧಾನವಾಗಿ ತಿರುಗತೊಡಗಿತು. ಪ್ರಾಚಾರ್ಯರು ಬೂಟು ಕಳೆದು ಬದಿಗಿಟ್ಟರು. ನಾನು ಕೂಗುತ್ತಿದ್ದೆ ಎಂದರೂ ಸರಿಯೇ. ಅಷ್ಟು ಸುಖವಾಗಿತ್ತು, ಏನೆಂದು ಹೇಳಲಿ!

ಸುತ್ತು ತಿರುಗಿ ಆಂಪ್ಲಿಫೈಯರ್ ಇಟ್ಟ ಮೂಲೆಗೆ ಬಂದಾಗ ಸುನಂದಾ ಕಂಡಳು. ಯಂತ್ರದ ಹಿಂದೆ ನಿಂತು ಅವಳೂ ಎಲ್ಲರಂತೆ ಹಾಡುತ್ತಿದ್ದಳು. ಎದೆ ಏರುತ್ತಿತ್ತು, ಹುಬ್ಬು ಮೇಲೆ ಹೋಗುತ್ತಿತ್ತು. ಯಾರು ನೋಡಿದರೂ ಎಷ್ಟು ಮನಸಿಟ್ಟು ಹಾಡುತ್ತಾಳೆ ಎನ್ನಬೇಕು. ಅವಳ ಗಂಟಲಿನಿಂದ ಏನೂ ಬರುತ್ತಿಲ್ಲ ಎಂದು ಆ ಸಭೆಯಲ್ಲಿ ನನಗೊಬ್ಬಳಿಗೇ ತಿಳಿಯುವಂತಿತ್ತು.

ಸುತ್ತು ಬಿಟ್ಟು ಅವಳ ಹತ್ತಿರ ಹೋದೆ.

"ಸುನಂದಾ, ಅವತ್ತು ನಾ ಅಂದಿದ್ದು ತಪ್ಪವ್ವಾ. ಹಾಡು. ದನಿ ತಗದು ಹಾಡು."

ಅವಳ ನಗು ನಿಂತಿತು. ಸಾಲಿಯ ಹುಡುಗಿಯ ಹಾಗೆ ಸೆರಗಿನ ತುದಿ ಹಿಡಿದುಕೊಂಡಳು. "ಅಯ್ಯ, ಬ್ಯಾಡ್ರಿ ಅಕ್ಕೋರ. ಎಲ್ಲಾರದೂ ಕೆಡತೈತ್ರಿ."

"ಕೆಡಲಿ. ನಂದು ಕೇಳಿದಿಲ್ಲೋ? ಅದಕ್ಕಿಂತ ಏನು ಕೆಡತೈತಿ?"

ಅವಳು ನನ್ನ ಮುಖವನ್ನೇ ನೋಡಿದಳು. ಕಣ್ಣು ಒರೆಸಿಕೊಂಡಳು. ಚಿಸೊಮೊ ಸಾಲು ಮುಗಿಸಿ ಕೈ ಚಾಚಿದಳು. ಸುನಂದಾ ಬಾಯಿ ತೆರೆದಳು.

ಮೈಕ್‌ಸೆಟ್ಟಿನವಳು ಹೇಗೆ ಹಾಡಿದಳು ಎಂದು ಗಂಗಕ್ಕ ಮರುದಿನ ನನ್ನನ್ನು ಕೇಳಿದಳು. ನನಗೆ ಗೊತ್ತಿಲ್ಲ. ಅವಳ ಪಕ್ಕದಲ್ಲೇ ನಿಂತು ನಾನೂ ಹಾಡುತ್ತಿದ್ದೆ.